ರೈಲು ಬಿಟ್ಟವರು

ನಮ್ಮ ಕಡೆ ಯಾರಾದರೂ ಇಲ್ಲದ್ದನ್ನು ಇದ್ದಂತೆ ಹೇಳಿದರೆ "ಸಾಕು, ರೈಲು ಬಿಡಬ್ಯಾಡ" ಅನ್ನುತ್ತಾರೆ. ನಾನು ಮಾತ್ರ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪುಣೆಯ ನಮ್ಮ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಅಕ್ಷರಶಃ ರೈಲು ಬಿಟ್ಟವನು. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಹದಿನಾರೂವರೆ ಮಿಲಿಮೀಟರ್ ಅಗಲದ ಹಳಿ. ಇಪ್ಪತ್ತಮೂರು ಇಂಜಿನ್, ನೂರಾ ಹನ್ನೊಂದು ಡಬ್ಬಿ. ಕಳೆದ ತಿಂಗಳು ಅವನ್ನೆಲ್ಲ ಬಿಟ್ಟುಕೊಟ್ಟೆ. 'ರೈಲು ಬಿಡುವುದು', 'ರೈಲನ್ನು ಬಿಡುವುದು'. ಎರಡರ ನಡುವೆ ಇರುವುದು ಒಂದು ವಿಭಕ್ತಿ ಪ್ರತ್ಯಯ ಅಷ್ಟೇ. ಆದರೆ ಅದನ್ನು ದಾಟಲು ನನಗೆ ಒಂದು ವರ್ಷ ಹಿಡಿಯಿತು!

ಕಾರಣ ದೊಡ್ಡದೇನಲ್ಲ. ಪುಣೆ, ಮುಂಬಯಿಯಲ್ಲಿ ಇರುವವರಿಗೆ ಹೇಳುವುದೇ ಬೇಡ. ನಮ್ಮ ಸೊಸೈಟಿಯೂ ರಿಡೆವಲಪ್‌ಮೆಂಟಿಗೆ ಹೋಯಿತು. ಮೂರು ವರ್ಷ ಬಾಡಿಗೆ ಮನೆ, ಆಮೇಲೆ ಹೊಸ ಫ್ಲ್ಯಾಟು. "ಬಾಡಿಗಿ ಮನ್ಯಾಗ ನಾವಿರೋದೋ, ನಿಮ್ಮ ರೈಲಿರೋದೋ?" ಅಂತ ನಮ್ಮಾಕೆ ಕೇಳಿದಳು. ಸರಿಯಾದ ಪ್ರಶ್ನೆಯೇ. ಹೈದರಾಬಾದಿನಲ್ಲಿರುವ ಮಗಳಿಗೆ ಫೋನ್ ಮಾಡಿದರೆ, "ಅಪ್ಪಾ, ನನ್ನ ಮನೀಗೆ ಒಂದು ಡಬ್ಬಿ ಸಾಕು. ಉಳಿದದ್ದು ನೀನೇ ನೋಡ್ಕೋ" ಅಂದಳು.

ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು. ಏನನ್ನಾದರೂ ಕೈಬಿಡುವ ಮೊದಲು ಹಿಂದೆ ಬೇರೆಯವರು ಹೇಗೆ ಮಾಡಿದ್ದಾರೆ ಅಂತ ಹಳೇ ಫೈಲು ತಿರುವಿ ಹಾಕುವುದು ನಮ್ಮ ಜಾತಿಯ ಗುಣ. ಹಾಗೆ ಆಟದ ರೈಲು ಹುಟ್ಟಿಸಿದವರು, ಕೂಡಿಟ್ಟವರು, ಕೊನೆಗೆ ಬಿಟ್ಟುಕೊಟ್ಟವರು ಇವರ ಚರಿತ್ರೆ ಓದುತ್ತಾ ಹೋದೆ. ಓದಿದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು.

*

ಜರ್ಮನಿಯ ಗೋಪಿಂಗನ್ ಎಂಬ ಊರಿನಲ್ಲಿ ಥಿಯೋಡರ್ ಮಾರ್ಕ್ಲಿನ್ ಎಂಬ ತಗಡಿನ ಕೆಲಸದವನು 1859ರಲ್ಲಿ ಬೊಂಬೆ ಮನೆಯ ಪಾತ್ರೆ ಪಗಡೆ ಮಾಡಿ ಮಾರಲು ಶುರು ಮಾಡಿದ. ತಗಡಿನ ರೈಲುಗಳು ಆಗಲೇ ಇದ್ದವು. ಆದರೆ ಒಬ್ಬನ ಇಂಜಿನ್ ಇನ್ನೊಬ್ಬನ ಹಳಿಯ ಮೇಲೆ ಓಡುತ್ತಿರಲಿಲ್ಲ. 1891ರ ಲೈಪ್‌ಜಿಗ್ ವಸಂತ ಮೇಳದಲ್ಲಿ ಮಾರ್ಕ್ಲಿನ್ ಕಂಪನಿಯವರು ಎಂಟರ ಆಕಾರದ ಹಳಿಯ ಮೇಲೆ ರೈಲು ಓಡಿಸಿದರು. ಹಳಿಯ ಅಗಲಗಳಿಗೆ ನಂಬರು ಕೊಟ್ಟು ನಿಗದಿ ಮಾಡಿದರು. ಅಂದರೆ ಈ ವರ್ಷ ಒಂದು ಸೆಟ್ಟು ಕೊಂಡವನು ಮುಂದಿನ ವರ್ಷ ಎರಡು ತುಂಡು ಹಳಿ, ಅದರ ಮುಂದಿನ ವರ್ಷ ಒಂದು ಸ್ಟೇಶನ್ನು ಹೀಗೆ ಸೇರಿಸುತ್ತಾ ಹೋಗಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಟದ ಸಾಮಾನಿನ ರಿಕರಿಂಗ್ ಡಿಪಾಸಿಟ್! 'ಕೂಡಿಡುವುದು' ಎಂಬ ಚಟ ಈ ಆಟಕ್ಕೆ ಅಂಟಿಕೊಂಡಿದ್ದೇ ಅಲ್ಲಿಂದ ಎಂದು ನನಗನ್ನಿಸುತ್ತದೆ.

ಇಂಗ್ಲೆಂಡಿನ ಕಥೆ ನನಗೆ ಇನ್ನೂ ಹತ್ತಿರದ್ದು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಒಬ್ಬ ಮಾಂಸ ಆಮದು ವ್ಯಾಪಾರಿಯ ಬಳಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತ. ಮಕ್ಕಳಿಗಾಗಿ ತಗಡಿನ ಪಟ್ಟಿಗಳಿಗೆ ತೂತು ಕೊರೆದು, ನಟ್ಟು ಬೋಲ್ಟು ಹಾಕಿ ಸೇತುವೆ, ಕ್ರೇನು ಕಟ್ಟಿಕೊಡುತ್ತಿದ್ದ. 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆಯಲು ಐದು ಪೌಂಡು ಬೇಕಾಯಿತು. ಧಣಿಯ ಹತ್ತಿರವೇ ಸಾಲ ತೆಗೆದುಕೊಂಡ. ಅದೇ ಮುಂದೆ ಮೆಕ್ಯಾನೋ ಆಯಿತು. 1920ರಲ್ಲಿ ಕೀಲಿ ಕೊಟ್ಟು ಓಡಿಸುವ ಹಾರ್ನ್‌ಬಿ ರೈಲು ಬಂತು. 1936ರಲ್ಲಿ ಆತ ತೀರಿಕೊಂಡ. 1938ರಲ್ಲಿ, ಊಟದ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾದ 'ಹಾರ್ನ್‌ಬಿ ಡಬ್ಲೋ' ಬಂತು. ಐದು ಪೌಂಡಿನ ಸಾಲಕ್ಕೆ ಇಂಥ ರಿಟರ್ನ್ ಬಂದದ್ದನ್ನು ನನ್ನ ಮೂವತ್ತು ಚಿಲ್ಲರೆ ವರ್ಷದ ಸರ್ವೀಸಿನಲ್ಲಿ ನಾನು ನೋಡಿಲ್ಲ.

ಅಮೆರಿಕದಲ್ಲಿ ಜೋಶುವಾ ಲಯನೆಲ್ ಕೋವನ್. ನ್ಯೂಯಾರ್ಕಿಗೆ ವಲಸೆ ಬಂದ ಯಹೂದಿ ದಂಪತಿಗಳ ಮಗ, ಹುಟ್ಟಿದ್ದು 1877ರಲ್ಲಿ. 1900ರಲ್ಲಿ ತನ್ನ ಮಧ್ಯದ ಹೆಸರಿನಲ್ಲೇ ಲಯನೆಲ್ ಕಂಪನಿ ತೆರೆದ. ಮೊದಲು ಮಾಡಿದ್ದು ಆಟದ ಸಾಮಾನೇ ಅಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಸುತ್ತುತ್ತಾ ಗಿರಾಕಿಗಳನ್ನು ಸೆಳೆಯಲೆಂದು ಮಾಡಿದ ಮೋಟಾರಿನ ಗೂಡ್ಸ್ ಡಬ್ಬಿ. ಬಂದ ಗಿರಾಕಿಗಳು ಒಳಗಿನ ಸಾಮಾನು ಬಿಟ್ಟು ಡಬ್ಬಿಯನ್ನೇ ಕೊಡಿ ಅಂದರಂತೆ!

ಆ ಕಂಪನಿಯ ಏರಿಳಿತ ನೋಡಿದರೆ ಅದೊಂದು ಬ್ಯಾಲೆನ್ಸ್ ಶೀಟಿನ ಪಾಠ. ಮಹಾ ಕುಸಿತದ ಕಾಲದಲ್ಲಿ, 1934ರಲ್ಲಿ, ಅದು ರಿಸೀವರ್ ಕೈಗೆ ಹೋಗಿತ್ತು. ಆಗ ಅದನ್ನು ಎತ್ತಿ ನಿಲ್ಲಿಸುವುದಕ್ಕೆ ನೆರವಾದದ್ದು ಮಿಕ್ಕಿ ಮೌಸ್ ಮತ್ತು ಮಿನ್ನಿ ತಳ್ಳುವ ಒಂದು ಡಾಲರಿನ ಕೈಗಾಡಿ. ಎರಡನೇ ಮಹಾಯುದ್ಧದಲ್ಲಿ ಆಟದ ಸಾಮಾನು ನಿಲ್ಲಿಸಿ ನೌಕಾಪಡೆಗೆ ದಿಕ್ಸೂಚಿ ಮಾಡಿಕೊಟ್ಟರು. ಯುದ್ಧ ಮುಗಿದ ಮೇಲೆ ಹೊಗೆ ಉಗುಳುವ ಇಂಜಿನ್ ತಂದರು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಲಯನೆಲ್ ಶಿಖರದಲ್ಲಿತ್ತು. ಆಮೇಲೆ ಇಳಿಜಾರು. ಅಮೆರಿಕದವರು ರೈಲು ಬಿಟ್ಟು ಕಾರು, ವಿಮಾನ ಹತ್ತಿದರು. ಮಕ್ಕಳು ಟೀವಿ ಮುಂದೆ ಕೂತರು. 1957ರಲ್ಲಿ ಹುಡುಗಿಯರೂ ಕೊಳ್ಳಲಿ ಅಂತ ಗುಲಾಬಿ ಬಣ್ಣದ ಇಂಜಿನ್, ಬಣ್ಣಬಣ್ಣದ ಡಬ್ಬಿಗಳ ಸೆಟ್ಟು ತಂದರು. ಒಬ್ಬರೂ ಮೂಸಲಿಲ್ಲ. ಆಡಬೇಕಾದರೆ ಹುಡುಗಿಯರಿಗೂ ಕಪ್ಪು ಇಂಜಿನ್ನೇ ಬೇಕಿತ್ತು. ಈಗ ನೋಡಿ, ಅಂದು ಮಾರಾಟವಾಗದೆ ಉಳಿದ ಅದೇ ಗುಲಾಬಿ ಸೆಟ್ಟಿಗೆ ಸಂಗ್ರಾಹಕರು ಕೈತುಂಬ ಹಣ ಕೊಡುತ್ತಾರೆ. ಅಂದು ಹೋಗದ ಮಾಲು ಇಂದು ಅಪರೂಪದ್ದು.

1959ರಲ್ಲಿ ಕೋವನ್ ತನ್ನ ಪಾಲನ್ನು ಮಾರಿದ. ಕೊಂಡವರ ಗುಂಪಿನ ಮುಂದಾಳು ರಾಯ್ ಕೋನ್ ಎಂಬ ವಕೀಲ. ಮೆಕಾರ್ಥಿ ಕಾಲದಲ್ಲಿ ಹೆಸರು ಮಾಡಿದವನು, ಕೋವನ್‌ಗೆ ದೂರದ ಸಂಬಂಧಿ. ಎಂಬತ್ತು ದಾಟಿದ್ದ ಮುದುಕ, ತನ್ನ ಹೆಸರನ್ನೇ ಹೊತ್ತ ರೈಲುಗಳನ್ನು ಬಿಟ್ಟು ಎದ್ದು ಹೋದ. 1965ರಲ್ಲಿ ತೀರಿಕೊಂಡ. 1969ರಲ್ಲಿ ಲಯನೆಲ್ ರೈಲು ಮಾಡುವ ಹಕ್ಕು ಜನರಲ್ ಮಿಲ್ಸ್ ಎಂಬ ಹಿಟ್ಟು, ತಿಂಡಿ ಮಾಡುವ ಕಂಪನಿಯ ಪಾಲಾಯಿತು. ಅತ್ತ ಇಂಗ್ಲೆಂಡಿನಲ್ಲೂ ಹೆಚ್ಚುಕಡಿಮೆ ಅದೇ ಕಥೆ. 1964ರಲ್ಲಿ ಹಾರ್ನ್‌ಬಿಯವರ ಕಂಪನಿಯನ್ನು ಎದುರಾಳಿ ಲೈನ್ಸ್ ಬ್ರದರ್ಸ್ ನುಂಗಿತು. 1971ರಲ್ಲಿ ನುಂಗಿದವರೇ ದಿವಾಳಿಯೆದ್ದರು. 2009ರಲ್ಲಿ ಮಾರ್ಕ್ಲಿನ್ ಕೂಡ ದಿವಾಳಿ ಅರ್ಜಿ ಹಾಕಿ, ಆಮೇಲೆ ಹೊಸ ಮಾಲೀಕರ ಕೈಯಲ್ಲಿ ಚೇತರಿಸಿಕೊಂಡಿತು.

*

ಇನ್ನು ಕೂಡಿಟ್ಟು ಬಿಟ್ಟವರ ವಿಷಯ. ಇವರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ನೀಲ್ ಯಂಗ್ ಎಂಬ ಹಾಡುಗಾರನ ಕಥೆ. ಟೊರಾಂಟೊದಲ್ಲಿ 1945ರಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದವರು. ನಮ್ಮಲ್ಲಿ ಇಂಗ್ಲಿಷ್ ಹಾಡು ಕೇಳುವವರಿಗೆ ಗೊತ್ತಿರಬಹುದು; ನನಗೆ ಅವರ ಗಿಟಾರಿಗಿಂತ ಮೊದಲು ಅವರ ರೈಲು ಪರಿಚಯ! ಕ್ಯಾಲಿಫೋರ್ನಿಯಾದ ಅವರ ತೋಟದ ಕೊಟ್ಟಿಗೆಯೊಂದರಲ್ಲಿ ದೊಡ್ಡ ಲಯನೆಲ್ ರೈಲು ಜಾಲವನ್ನೇ ಕಟ್ಟಿದ್ದರು.

ಅವರ ಮಗ ಬೆನ್‌ಗೆ ಹುಟ್ಟಿನಿಂದಲೇ ತೀವ್ರ ಸೆರೆಬ್ರಲ್ ಪಾಲ್ಸಿ. ಮಾತಿಲ್ಲ, ಕೈಕಾಲು ಸ್ವಾಧೀನದಲ್ಲಿಲ್ಲ. ಅಪ್ಪ ರೈಲು ಓಡಿಸಿದರೆ ಮಗ ನೋಡಬಹುದಿತ್ತು, ಅಷ್ಟೇ. ಆದರೆ ನೋಡುವುದು ಆಡಿದ ಹಾಗಾಗುತ್ತದೆಯೇ? ಹಾಗಾಗಿ ಮಗನೂ ಓಡಿಸಲಿಕ್ಕಾಗುವಂತೆ ದೊಡ್ಡ ಗುಂಡಿಯ, ತಂತಿಯಿಲ್ಲದೆ ಕೆಲಸ ಮಾಡುವ ಕಂಟ್ರೋಲುಗಳನ್ನು ರೂಪಿಸತೊಡಗಿದರು. ಆ ಹಾದಿಯಲ್ಲಿ ಹುಟ್ಟಿದ ತಂತ್ರಜ್ಞಾನ ತೊಂಬತ್ತರ ದಶಕದ ನಡುವಿನಲ್ಲಿ ಲಯನೆಲ್ ಕಂಪನಿಯ ಮಾಲಿನೊಳಗೇ ಸೇರಿತು. ಅಲ್ಲಿಯವರೆಗೆ ಹಳಿಗೆ ಕೊಡುವ ಕರೆಂಟು ಹೆಚ್ಚುಕಡಿಮೆ ಮಾಡಿ ರೈಲಿನ ವೇಗ ಬದಲಿಸಬೇಕಿತ್ತು. ಒಂದೇ ಹಳಿಯ ಮೇಲಿನ ಎರಡು ಇಂಜಿನ್ನುಗಳನ್ನು ಬೇರೆಬೇರೆಯಾಗಿ ಓಡಿಸುವುದು ಕಷ್ಟ. ಹೊಸ ಪದ್ಧತಿಯಲ್ಲಿ ಹಳಿಯಲ್ಲಿ ಕರೆಂಟು ಒಂದೇ ಸಮ ಇರುತ್ತದೆ, ಕೈಯಲ್ಲಿರುವ ರಿಮೋಟು ಒಂದೊಂದು ಇಂಜಿನ್ನಿಗೂ ಅದರದರ ನಂಬರಿನಿಂದ ಆಜ್ಞೆ ಕಳಿಸುತ್ತದೆ. ಒಬ್ಬ ಹುಡುಗನಿಗಾಗಿ ಶುರುವಾದದ್ದು ಲಕ್ಷಾಂತರ ಜನರ ಆಟವಾಯಿತು. 1995ರಲ್ಲಿ ಒಂದು ಹೂಡಿಕೆ ಸಂಸ್ಥೆಯ ಜತೆ ಸೇರಿ ನೀಲ್ ಯಂಗ್ ಲಯನೆಲ್ ಕಂಪನಿಯನ್ನೇ ಕೊಂಡರು. 2004ರಲ್ಲಿ, ವ್ಯಾಪಾರ ರಹಸ್ಯದ ಮೊಕದ್ದಮೆಯೊಂದರಲ್ಲಿ ಸೋತು ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅದರಿಂದ ಹೊರಬರುವ ಹೊತ್ತಿಗೆ 2008.

2017ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್‌ನ ಜೂಲಿಯನ್ಸ್ ಎಂಬ ಹರಾಜು ಸಂಸ್ಥೆಯ ಮೂಲಕ ನೀಲ್ ಯಂಗ್ ತಮ್ಮ ಸಂಗ್ರಹದ ಇನ್ನೂರಕ್ಕೂ ಹೆಚ್ಚು ರೈಲು ಸಾಮಾನುಗಳನ್ನು ಹರಾಜಿಗೆ ಇಟ್ಟರು. ಒಟ್ಟು ಸುಮಾರು ಮೂರು ಲಕ್ಷ ಡಾಲರ್ ಬಂತು. ತಮಗೆಂದೇ ಬಣ್ಣ ಹಾಕಿಸಿಕೊಂಡಿದ್ದ 'ಕಮೊಡೋರ್ ವಾಂಡರ್‌ಬಿಲ್ಟ್' ಇಂಜಿನ್ ಒಂದಕ್ಕೇ ಹತ್ತು ಸಾವಿರ ಡಾಲರ್. ಬಂದ ಹಣದ ಒಂದು ಭಾಗ, ಬೆನ್‌ನಂಥ ಮಕ್ಕಳಿಗಾಗಿ 1986ರಲ್ಲಿ ಶುರುವಾದ ಬ್ರಿಜ್ ಸ್ಕೂಲಿಗೆ.

ಇದನ್ನು ಓದಿ ನಾನು ಮೊದಲು ಮಾಡಿದ್ದು ಏನು ಗೊತ್ತೇ? ಕ್ಯಾಲ್ಕುಲೇಟರ್ ತೆಗೆದದ್ದು! ಸರಾಸರಿ ಒಂದೊಂದಕ್ಕೆ ಸಾವಿರ ಡಾಲರಿಗಿಂತ ಹೆಚ್ಚು. ಬರೀ ತಗಡು ಮತ್ತು ಮೋಟಾರಿಗೆ ಯಾರೂ ಅಷ್ಟು ಕೊಡುವುದಿಲ್ಲ. ಇದು ಯಾರದು, ಯಾಕೆ ಕೊಂಡದ್ದು, ಯಾರು ಆಡಿದ್ದು ಎಂಬ ವಿವರ ಅದರ ಜತೆಗಿತ್ತು. ಮಾಲೀಕನೇ ಬದುಕಿದ್ದು, ತಾನೇ ಆರಿಸಿ, ತಾನೇ ಪಟ್ಟಿ ಮಾಡಿಸಿ ಕೊಟ್ಟದ್ದು.

*

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಪುಣೆಯಲ್ಲೇ ನಡೆಯಿತು. ಹೆಸರು ಬೇಡ. ನನಗೆ ಈ ಹುಚ್ಚು ಹಿಡಿಸಿದ ಹಿರಿಯರೊಬ್ಬರಿದ್ದರು. ಅವರ ಬಳಿ ಐವತ್ತರ ದಶಕದ ಡಬ್ಲೋ ಇಂಜಿನ್ನುಗಳಿದ್ದವು, ಕೆಲವು ಮೂಲ ಡಬ್ಬದ ಸಮೇತ. ಅವರು ಹೃದಯಾಘಾತದಿಂದ ಹೋದರು. ನಾನಾಗ ಬೇರೆ ಊರಿಗೆ ವರ್ಗವಾಗಿದ್ದೆ. ಎರಡು ತಿಂಗಳ ಮೇಲೆ ಬಂದು ಅವರ ಮನೆಗೆ ಹೋದರೆ ಕೋಣೆ ಖಾಲಿ. "ರದ್ದಿಯವ ಬಂದಿದ್ದ. ಕಬ್ಬಿಣ ಬೇರೆ, ಪ್ಲಾಸ್ಟಿಕ್ ಬೇರೆ ತೂಕ ಮಾಡಿ ತೊಗೊಂಡು ಹೋದ" ಎಂದು ಅವರ ಹೆಂಡತಿ ಹೇಳಿದರು. ಅವರದೇನೂ ತಪ್ಪಿಲ್ಲ. ಯಾವುದಕ್ಕೆ ಏನು ಬೆಲೆ ಅಂತ ಅವರಿಗೆ ಯಾರು ಹೇಳಿದ್ದರು? ಯಜಮಾನರು ನಲವತ್ತು ವರ್ಷ ಸೇರಿಸಿದರೇ ವಿನಾ ಒಂದು ಚೀಟಿಯನ್ನೂ ಬರೆದಿಟ್ಟಿರಲಿಲ್ಲ.

ಬ್ಯಾಂಕಿನಲ್ಲಿ ಇದು ನನಗೆ ಹೊಸತಲ್ಲ. ನಾಮಿನೇಶನ್ ಇಲ್ಲದ ಲಾಕರು ತೆರೆಯುವಾಗ ಸಾಕ್ಷಿಯಾಗಿ ಎಷ್ಟು ಸಲ ನಿಂತಿದ್ದೇನೆ! ಚಿನ್ನ ಸಿಕ್ಕರೆ ಸರಿ, ಗ್ರಾಂ ಲೆಕ್ಕ ಇರುತ್ತದೆ. ಆದರೆ ಒಂದು ಹಳೇ ಗಡಿಯಾರ, ಒಂದು ರಿಬ್ಬನ್, ತಾಮ್ರದ ಕಾಸು ಸಿಕ್ಕಾಗ ಮಕ್ಕಳು ಮುಖ ಮುಖ ನೋಡುತ್ತಾರೆ. "ಇದು ಯಾಕೆ ಇಟ್ಟಿದ್ದರೋ" ಅನ್ನುತ್ತಾರೆ. ಪಾಸ್‌ಬುಕ್ಕಿನಲ್ಲಿ ಮೊತ್ತದ ಕಾಲಂ ಉಳಿದು 'ವಿವರ' ಎಂಬ ಕಾಲಂ ಅಳಿಸಿಹೋದಂತೆ. ಜಮೆ ಇದೆ, ಯಾರಿಂದ ಯಾತಕ್ಕೆ ಅಂತ ಗೊತ್ತಿಲ್ಲ.

ನಮ್ಮ ಪುಣೆಯಲ್ಲೇ ಮೂರನೆಯ ದಾರಿ ಹಿಡಿದವರೂ ಇದ್ದಾರೆ. ಕೋಥ್ರೂಡಿನ ಜೋಶಿಯವರ ಪುಟಾಣಿ ರೈಲು ಮ್ಯೂಸಿಯಂ. ಬಿ. ಎಸ್. ಜೋಶಿ ಎಂಬುವರು ಬಹಳ ವರ್ಷ ರೈಲು ಮಾದರಿಗಳನ್ನು ಸೇರಿಸಿ, ಕೈಯಾರೆ ಕಟ್ಟಿ, 1998ರಲ್ಲಿ ತಮ್ಮ ಉದ್ಯಮದ ಕಟ್ಟಡದಲ್ಲೇ ಜನರಿಗೆ ತೆರೆದಿಟ್ಟರು. ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಯ ಒಂದು ಇಡೀ ಊರು; ದೀಪ ಆರಿಸಿ ರಾತ್ರಿ ಮಾಡಿದಾಗ ಡಬ್ಬಿಗಳ ಕಿಟಕಿಯಲ್ಲಿ ಬೆಳಕು. ಅದಿರುವ ರಸ್ತೆಗೆ ಜಿ. ಎ. ಕುಲಕರ್ಣಿಯವರ ಹೆಸರು. ಬಹಳ ವರ್ಷ ಧಾರವಾಡದಲ್ಲೇ ಇದ್ದು ಇಂಗ್ಲಿಷ್ ಕಲಿಸುತ್ತಾ ಮರಾಠಿ ಕಥೆ ಬರೆದವರು ಅವರು. ಮಗಳು ಸಣ್ಣವಳಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗಿಂತ ಹೆಚ್ಚು ಬಾಯಿ ಬಿಟ್ಟುಕೊಂಡು ನಿಂತವನು ನಾನೇ. ಬಿಡದೆಯೂ ಬಿಟ್ಟುಕೊಡುವ ದಾರಿ ಅದು. ಆದರೆ ಅದಕ್ಕೆ ಕಟ್ಟಡ ಬೇಕು. ನನಗೆ ಇರುವ ಕಟ್ಟಡವೇ ಕೆಡವಲು ಹೊರಟಿತ್ತು!

*

ನನ್ನ ಹುಚ್ಚಿನ ಮೂಲ ಹುಬ್ಬಳ್ಳಿ. ಎಪ್ಪತ್ತರ ದಶಕದಲ್ಲಿ ಅಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜ್, ಉಗಿ ಇಂಜಿನ್. ಬೆಳಿಗ್ಗೆ ವರ್ಕ್‌ಶಾಪಿನ ಭೋಂಗಾ ಕೂಗಿದರೆ ಮನೆಮನೆಯಲ್ಲಿ ಡಬ್ಬಿ ಕಟ್ಟುವ ಗಡಿಬಿಡಿ. ಆಟದ ರೈಲು ಅಂದರೆ ಸಿದ್ಧಾರೂಢರ ಜಾತ್ರೆಯಲ್ಲಿ ಸಿಗುತ್ತಿದ್ದ ಕೀಲಿ ಕೊಡುವ ತಗಡಿನದು. ಅಪ್ಪ ಒಮ್ಮೆ ಕೊಡಿಸಿದ್ದರು. ಶಿವರಾತ್ರಿಗೆ ತಂದದ್ದು ಯುಗಾದಿಯ ಹೊತ್ತಿಗೆ ಮುರಿದಿತ್ತು. ವಿದೇಶಿ ಸೆಟ್ಟನ್ನು ನಾನು ಕಂಡದ್ದು ಪತ್ರಿಕೆಯ ಚಿತ್ರದಲ್ಲಿ ಮಾತ್ರ. ಬ್ಯಾಂಕಿನ ಕೆಲಸಕ್ಕೆಂದು 1990ರಲ್ಲಿ ಪುಣೆಗೆ ಬಂದಾಗ ಮಿರಜಿನಲ್ಲಿ ಸಣ್ಣ ಗಾಡಿ ಇಳಿದು ದೊಡ್ಡ ಗಾಡಿ ಹತ್ತಬೇಕಿತ್ತು. ಹಾಸಿಗೆ ಸುರುಳಿ, ಟ್ರಂಕು ಹೊತ್ತು ಪ್ಲಾಟ್‌ಫಾರಂ ಬದಲಿಸಿದ್ದು ಇನ್ನೂ ಭುಜಕ್ಕೆ ನೆನಪಿದೆ. ಆ ದಶಕದಲ್ಲೇ ಹುಬ್ಬಳ್ಳಿಯ ಹಳಿಯೂ ಬ್ರಾಡ್ ಗೇಜ್ ಆಯಿತು. ನನ್ನ ಸಣ್ಣ ಗಾಡಿ ಹೋಯಿತು.

2001ರಲ್ಲಿ ಲಂಡನ್ನಿನಿಂದ ಬಂದ ಕಸಿನ್ ಒಬ್ಬ ಹಾರ್ನ್‌ಬಿಯವರ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ತಂದುಕೊಟ್ಟ. ಅಲ್ಲಿಂದ ಶುರು. ಅಂದ ಹಾಗೆ, ಆ ನಿಜವಾದ ಇಂಜಿನ್ನಿನದೂ ಬಿಟ್ಟುಕೊಟ್ಟ ಕಥೆಯೇ. 1923ರಲ್ಲಿ ತಯಾರಾದದ್ದು. 1963ರಲ್ಲಿ ಗುಜರಿಗೆ ಹೋಗಬೇಕಿದ್ದಾಗ ಅಲನ್ ಪೆಗ್ಲರ್ ಎಂಬುವರು 3,000 ಪೌಂಡಿಗೆ ಕೊಂಡರು. ಅಮೆರಿಕ ಪ್ರವಾಸಕ್ಕೆ ಅದನ್ನು ಒಯ್ದು, ಖರ್ಚು ತಾಳಲಾರದೆ 1972ರಲ್ಲಿ ದಿವಾಳಿಯಾದರು. ಇಂಜಿನ್ ಬೇರೆಯವರ ಕೈ ಸೇರಿತು. 2004ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ರೈಲು ಮ್ಯೂಸಿಯಂ ಅದನ್ನು ಕೊಂಡದ್ದು 23 ಲಕ್ಷ ಪೌಂಡಿಗೆ. ಆದರೆ ಅಂದು ಗುಜರಿಯಿಂದ ಉಳಿಸಿದವರ ಹೆಸರು ಇವತ್ತಿಗೂ ಆ ಇಂಜಿನ್ನಿನ ಜತೆ ಓಡುತ್ತಿದೆ.

ಇಷ್ಟೆಲ್ಲ ಓದಿದ ಮೇಲೆ ನಾನು ಮಾಡಿದ ಕೆಲಸ ಒಂದೇ. ಒಂದು ಉದ್ದನೆಯ ಲೆಡ್ಜರ್ ಪುಸ್ತಕ ಕೊಂಡೆ. ಕ್ರಮ ಸಂಖ್ಯೆ, ಕಂಪನಿ, ಕೊಂಡ ದಿನ, ಕೊಟ್ಟ ಬೆಲೆ, ರಿಪೇರಿ ಏನಾದರೂ ಇದ್ದರೆ ಅದು. ಕೊನೆಯ ಅಗಲವಾದ ಕಾಲಂ 'ವಿವರ'. ಆರು ವಾರ ರಾತ್ರಿ ಊಟವಾದ ಮೇಲೆ ಕೂತು ಬರೆದೆ. ಬರೆಯುತ್ತಾ ಹೋದಂತೆ ಇದು ರೈಲಿನ ಪಟ್ಟಿಯಲ್ಲ, ನಮ್ಮ ಮನೆಯ ದಿನಚರಿ ಅಂತ ಗೊತ್ತಾಯಿತು. ಪ್ರಮೋಶನ್ ಬಂದದ್ದು, ಬಾರದ್ದು, ಅಮ್ಮ ಹೋದ ವರ್ಷ ಏನನ್ನೂ ಕೊಳ್ಳದೆ ಇದ್ದದ್ದು, ಎಲ್ಲವೂ ಅಲ್ಲಿತ್ತು. ಕೂಡಿಸಿ ನೋಡಿದರೆ ಖರ್ಚು ನಾಲ್ಕು ಲಕ್ಷ ಹದಿನೆಂಟು ಸಾವಿರ. ಹೆಂಡತಿಗೆ ಇವತ್ತಿನವರೆಗೂ ಹೇಳಿರುವ ಅಂಕಿ ಬೇರೆ. ಇಲ್ಲಿ ಮಾತ್ರ ನಿಜವಾಗಿಯೂ ರೈಲು ಬಿಟ್ಟಿದ್ದೇನೆ.

ಕೊಳ್ಳಲು ಇಬ್ಬರು ಬಂದರು. ಮೊದಲನೆಯವನು ಇಂಟರ್‌ನೆಟ್ಟಿನಲ್ಲಿ ಬೆಲೆ ನೋಡಿಕೊಂಡೇ ಬಂದಿದ್ದ, ಚೆನ್ನಾಗಿರುವ ಆರು ಇಂಜಿನ್ ಮಾತ್ರ ಕೇಳಿದ. ಬೆಲೆಯೂ ಒಳ್ಳೆಯದೇ. ಲೆಡ್ಜರ್ ತೋರಿಸಿದರೆ "ಬೇಡ ಅಂಕಲ್, ಮೂಲ ಡಬ್ಬ ಇದೆಯಾ?" ಅಂದ. ಎರಡನೆಯವರು ಮಿರಜಿನ ಒಬ್ಬ ಶಾಲಾ ಮಾಸ್ತರರು. ಶಾಲೆಯ ಒಂದು ಖಾಲಿ ಕೋಣೆಯಲ್ಲಿ ಇದನ್ನು ಹರಡಿ ಮಕ್ಕಳಿಗೆ ಸಿಗ್ನಲ್ಲು, ಕರೆಂಟು, ಅಳತೆ ಪ್ರಮಾಣ ಕಲಿಸಬೇಕೆಂಬ ಆಸೆ. ಅವರ ಹತ್ತಿರ ಇದ್ದದ್ದು ಒಂದು ಲಕ್ಷ ಇಪ್ಪತ್ತು ಸಾವಿರ, ಅದೂ ಎರಡು ಕಂತಿನಲ್ಲಿ. ಅಸಲಿನ ಮೂರನೇ ಒಂದು ಭಾಗವೂ ಇಲ್ಲ. ಬ್ಯಾಂಕಿನವನಾಗಿ ನಾನು ಇಂಥ ಪ್ರಸ್ತಾವವನ್ನು ಎಂದೂ ಮಂಜೂರು ಮಾಡಿರಲಿಲ್ಲ. ಮಾಡಿದೆ.

ಒಂದು ಟೆಂಪೋದಲ್ಲಿ ಹಲಗೆ, ಹಳಿ, ಹದಿನಾಲ್ಕು ಪೆಟ್ಟಿಗೆ ಹೋದವು. ಮಗಳು ಕೇಳಿದ ಒಂದು ಡಬ್ಬಿ, ಕಿಟಕಿ ಗಾಜು ಒಡೆದದ್ದು, ಕೊರಿಯರಿನಲ್ಲಿ ಹೈದರಾಬಾದಿಗೆ ಹೋಯಿತು. ನನಗೆಂದು ಏನನ್ನೂ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡರೆ ಮತ್ತೆ ಶುರುವಾಗುತ್ತದೆ ಎಂಬ ಭಯ! ಖಾಲಿ ಕೋಣೆಯಲ್ಲಿ ನೆಲದ ಮೇಲೆ ಮೇಜಿನ ನಾಲ್ಕು ಕಾಲಿನ ಗುರುತು ಉಳಿದಿತ್ತು. ನಮ್ಮಾಕೆ ಒರೆಸಲು ಬಂದವಳು ಅದನ್ನು ನೋಡಿ, ಒರೆಸದೆ, ಹಾಗೇ ಹೋದಳು.

ಲೆಡ್ಜರ್ ನಾನು ಬರೆದದ್ದು ಕನ್ನಡದಲ್ಲಿ. ಮಾಸ್ತರರಿಗೆ ಕನ್ನಡ ಮಾತು ಬರುತ್ತದೆ, ಅವರ ತಾಯಿ ಅಥಣಿ ಕಡೆಯವರು. ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಹೀಗಾಗಿ ವಾರಕ್ಕೊಮ್ಮೆ ಫೋನು ಬರುತ್ತದೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೇನಾದರೂ ಇದ್ದರೆ, ಮಿತ್ರರೇ, ಒಂದು ನೋಟುಬುಕ್ಕು ಕೊಂಡು ಇವತ್ತೇ ಶುರು ಮಾಡಿ.

ಮೊನ್ನೆ ಭಾನುವಾರ ಅವರು ಕೇಳಿದರು: "ಸಾಹೇಬ್ರ, ಹದಿನಾಲ್ಕನೇ ನಂಬರಿನ ಮುಂದ 'ಮಗಳ ಜ್ವರ ಇಳಿದ ದಿನ' ಅಂತ ಬರದೀರಿ. ನಾ ಸರಿಯಾಗಿ ಓದೇನಿ ಏನು? ಹುಡುಗೂರು ಕೇಳಾಕತ್ತಾರ, ಜ್ವರ ಯಾರಿಗೆ ಬಂದಿತ್ತು ಅಂತ."

ಸರಿಯಾಗೇ ಓದಿದ್ದೀರಿ ಅಂದೆ. ಸ್ಪೀಕರ್ ಹಾಕಲು ಹೇಳಿ, 2003ರ ಮಳೆಗಾಲದ ಆ ಕಥೆ ಶುರು ಮಾಡಿದೆ.